ಫ್ಯಾಷನ್ ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಹೊಲಿಗೆ ಕೋಣೆ ನೋಡಿ

ಪ್ರಶ್ನೆ: ನನಗೆ 18 ವರ್ಷ. ಶಾಲೆ ಓದು ಮುಗಿದಿದೆ. ಚಿಕ್ಕಂದಿನಿಂದಲೂ ಬಟ್ಟೆಗಳ ಚಿತ್ರ ಬಿಡಿಸುತ್ತೇನೆ, ಆದರೆ ಹೊಲಿಗೆ ಬರುವುದಿಲ್ಲ. ಫ್ಯಾಷನ್ ಡಿಸೈನ್ ಓದಬೇಕು ಅಂತ ಮೂರು ಕಾಲೇಜು ನೋಡಿಟ್ಟಿದ್ದೇನೆ. ಒಂದು ಕಾಲೇಜಿನವರು ಫೋನಿನಲ್ಲೇ ಸೀಟು ಖಾತ್ರಿ ಅಂದರು, ಆದರೆ ಒಂದು ವಾರದೊಳಗೆ ದುಡ್ಡು ಕಟ್ಟಬೇಕಂತೆ. ಇನ್ನೆರಡು ಕಡೆ ಪೋರ್ಟ್‌ಫೋಲಿಯೋ, ಅಂದರೆ ನಾವು ಮಾಡಿದ ಕೆಲಸಗಳ ಫೈಲು ಕೇಳುತ್ತಾರೆ, ನನ್ನ ಹತ್ತಿರ ಅಂಥದ್ದು ಏನೂ ಇಲ್ಲ. ಅಪ್ಪ ಅಮ್ಮ ಈ ಓದಿಗೆ ಕೆಲಸ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಯಾವ ಕಾಲೇಜು ಒಳ್ಳೆಯದು ಅಂತ ಹೇಗೆ ತಿಳಿಯುವುದು? ಅರ್ಜಿಗೆ ಏನೇನು ತಯಾರಿ ಮಾಡಲಿ?

ಉತ್ತರ: ಮೊದಲು ಆ ಒಂದು ವಾರದ ಗಡುವಿನ ಮಾತು ಮುಗಿಸೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ನಿಮ್ಮ ಒಂದು ಚಿತ್ರವನ್ನೂ ನೋಡದೆ, ನಿಮ್ಮ ಜೊತೆ ಹತ್ತು ನಿಮಿಷ ಕೂತು ಮಾತಾಡದೆ ಸೀಟು ಕೊಟ್ಟವರು ನಿಮ್ಮನ್ನು ಆರಿಸಿಲ್ಲ. ಖಾಲಿ ಇರುವ ಸೀಟನ್ನು ತುಂಬಿಸಿಕೊಳ್ಳುತ್ತಿದ್ದಾರೆ ಅಷ್ಟೇ. ಅದು ಕೆಟ್ಟ ಕಾಲೇಜೇ ಅಂತ ನಾನು ಹೇಳುವುದಿಲ್ಲ. ಆದರೆ ಈ ವಾರ ದುಡ್ಡು ಕಟ್ಟಬೇಡಿ. ಅವರಿಗೆ ಒಂದು ಇಮೇಲ್ ಬರೆದು ಎರಡು ವಿಷಯ ಕೇಳಿ. ನಾನು ಸೇರದೆ ಹೋದರೆ ಯಾವ ದಿನಾಂಕದ ತನಕ ಎಷ್ಟು ದುಡ್ಡು ವಾಪಸ್ ಬರುತ್ತೆ? ಕೊನೆಗೆ ಸಿಗುವ ಡಿಗ್ರಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತೆ? ಎರಡಕ್ಕೂ ಬರಹದಲ್ಲೇ ಉತ್ತರ ಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎರಡನೆಯದಕ್ಕೆ ಉತ್ತರ ಬಂದ ಮೇಲೆ ಆ ವಿಶ್ವವಿದ್ಯಾಲಯದ ಸ್ವಂತ ಪಟ್ಟಿಯಲ್ಲಿ ಈ ಕಾಲೇಜಿನ ಹೆಸರು, ಈ ಕೋರ್ಸಿನ ಹೆಸರು ಇದೆಯಾ ಅಂತ ನೀವೇ ನೋಡಿ. ಬ್ರೋಷರ್‌ನಲ್ಲಿ "ಟೈ-ಅಪ್" ಅಂತ ಇದ್ದರೆ ಅದು ಮಾನ್ಯತೆ ಅಲ್ಲ, ಆ ಪದಕ್ಕೆ ಏನು ಬೇಕಾದರೂ ಅರ್ಥ ಇರಬಹುದು.

ಇನ್ನು ಕೋರ್ಸಿನ ಹೆಸರು. ಇದರಲ್ಲಿ ತುಂಬ ಮಕ್ಕಳು ಎಡವುತ್ತಾರೆ. ಫ್ಯಾಷನ್ ಡಿಸೈನ್ ಅಂದರೆ ಉಡುಪನ್ನು ಯೋಚಿಸಿ, ಕತ್ತರಿಸಿ, ಮೈಮೇಲೆ ಕೂರಿಸುವ ಓದು. ಅಪಾರೆಲ್ ಟೆಕ್ನಾಲಜಿ ಕಾರ್ಖಾನೆಯ ಕಡೆಯದು, ಅಲ್ಲಿ ಒಂದೇ ಉಡುಪನ್ನು ಸಾವಿರಾರು ಸಂಖ್ಯೆಯಲ್ಲಿ ತಪ್ಪಿಲ್ಲದೆ ಮಾಡುವುದನ್ನು ಕಲಿಸುತ್ತಾರೆ. ಟೆಕ್ಸ್‌ಟೈಲ್ ಡಿಸೈನ್ ನೇಯ್ಗೆ, ಅಚ್ಚು, ಬಣ್ಣದ್ದು. ಫ್ಯಾಷನ್ ಕಮ್ಯುನಿಕೇಶನ್‌ನಲ್ಲಿ ಫೋಟೋ, ಬರವಣಿಗೆ, ಸ್ಟೈಲಿಂಗ್ ಇರುತ್ತೆ. ಮರ್ಚಂಡೈಸಿಂಗ್ ಅಥವಾ ಮ್ಯಾನೇಜ್‌ಮೆಂಟ್ ಅಂದರೆ ಕೊಳ್ಳುವುದು, ಮಾರುವುದು, ಲೆಕ್ಕ. ಹೆಸರಲ್ಲಿ "ಫ್ಯಾಷನ್" ಅಂತ ಇದೆ ಅಂತ ಸೇರಿಕೊಂಡು, ಎರಡನೇ ವರ್ಷಕ್ಕೆ ಬಂದ ಮೇಲೆ ಇಲ್ಲಿ ಕತ್ತರಿ ಹಿಡಿಯುವುದೇ ಇಲ್ಲವಲ್ಲ ಅಂತ ಅತ್ತವರನ್ನು ನೋಡಿದ್ದೇನೆ. ಹಾಗಾಗಿ ಕೋರ್ಸಿನ ಹೆಸರಲ್ಲ, ವಾರದ ಟೈಮ್‌ಟೇಬಲ್ ಕೇಳಿ. ಪ್ಯಾಟರ್ನ್ ಮೇಕಿಂಗ್‌ಗೆ (ಉಡುಪಿನ ತುಂಡುಗಳ ಅಳತೆಯ ನಕ್ಷೆ ಕಾಗದದ ಮೇಲೆ ಎಳೆಯುವುದು), ಡ್ರೇಪಿಂಗ್‌ಗೆ (ಬಟ್ಟೆಯನ್ನು ಗೊಂಬೆಯ ಮೈಮೇಲೆ ಹೊದಿಸಿ ಆಕಾರ ಕೊಡುವುದು), ಹೊಲಿಗೆಗೆ ವಾರಕ್ಕೆ ಎಷ್ಟು ಗಂಟೆ ಅಂತ ನೀವೇ ಕೂಡಿಸಿ ನೋಡಿ. ಮೂರು ಕಾಲೇಜಿನದ್ದೂ ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮಿಕ್ಕರ್ಧ ಹೊಲಿಗೆ ಕೋಣೆಯಲ್ಲಿದೆ. ನಾನು ವರ್ಷಗಟ್ಟಲೆ ಪ್ಯಾಟರ್ನ್ ಕಲಿಸಿದವಳು, ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ ನಿಜ. ಆದರೂ ಇದು ಬರೀ ನನ್ನ ಇಷ್ಟದ ಮಾತಲ್ಲ. ಕಾಲೇಜಿನ ಮುಂಬಾಗಿಲು, ಕೆಫೆ, ರ‍್ಯಾಂಪ್ ಇರುವ ಸಭಾಂಗಣ ತೋರಿಸುತ್ತಾರೆ. ನೋಡಿ, ನಗಿ, ಆಮೇಲೆ "ಹೊಲಿಗೆ ಕೋಣೆ ತೋರಿಸಿ" ಅನ್ನಿ. ಒಳಗೆ ಹೋದ ಕೂಡಲೇ ನೆಲ ನೋಡಿ. ನೂಲಿನ ತುಂಡು, ಬಟ್ಟೆಯ ಚೂರು, ಬಿದ್ದ ಗುಂಡುಸೂಜಿ ಇದ್ದರೆ ಅಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರೆ ಅಂತ. ಓದಿನ ದಿನಗಳಲ್ಲೂ ಯಂತ್ರಗಳ ಮೇಲೆ ಹೊದಿಕೆ ಇದ್ದು, ನೆಲ ಕನ್ನಡಿ ಥರ ಹೊಳೆಯುತ್ತಿದ್ದರೆ ನನಗೆ ಅನುಮಾನ ಬರುತ್ತೆ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು ಅಂತ ಕೇಳಿ. ಬಟ್ಟೆಯ ಅಂಚಿನ ನೂಲು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಯಂತ್ರ ಎಷ್ಟಿವೆ, ಕಾಜಾ ಹೊಡೆಯುವ ಯಂತ್ರ ಇದೆಯಾ, ಹಬೆ ಇಸ್ತ್ರಿ ಎಷ್ಟಿವೆ ಅಂತ ಕೇಳಿ. ಇಸ್ತ್ರಿಯನ್ನು ಯಾರೂ ಕೇಳುವುದಿಲ್ಲ, ಆದರೆ ಪ್ರತಿ ಹೊಲಿಗೆ ಹಾಕಿದ ಮೇಲೂ ಅದನ್ನು ಒತ್ತಿ ಕೂರಿಸದೇ ಇದ್ದರೆ ಉಡುಪು ಎಷ್ಟೇ ಚೆಂದ ಹೊಲಿದರೂ ಸುಕ್ಕುಗಟ್ಟಿದ ಹಾಗೆ ಕಾಣುತ್ತೆ. ಕತ್ತರಿಸುವ ಮೇಜು ಸೊಂಟದ ಎತ್ತರಕ್ಕೆ ಇದೆಯಾ ನೋಡಿ. ಕುಳ್ಳ ಬೆಂಚಿನ ಮೇಲೆ ಬಗ್ಗಿ ಪ್ಯಾಟರ್ನ್ ಎಳೆದರೆ ಬೆನ್ನೂ ಹಾಳು, ಗೆರೆಯೂ ಹಾಳು. ಡ್ರೆಸ್ ಫಾರ್ಮ್‌ಗಳ, ಅಂದರೆ ಉಡುಪು ಕೂರಿಸಿ ನೋಡುವ ಮೈ ಆಕಾರದ ಗೊಂಬೆಗಳ ಹತ್ತಿರ ಹೋಗಿ ಮುಟ್ಟಿ ನೋಡಿ. ಸೂಜಿ ಚುಚ್ಚಿ ಚುಚ್ಚಿ ಬಟ್ಟೆ ಸವೆದಿರಬೇಕು. ಗಂಡಸರ ಉಡುಪು ಮಾಡುವ ಆಸೆ ಇದ್ದರೆ ಗಂಡಸರ ಫಾರ್ಮ್ ಇದೆಯಾ, ನಿಟ್‌ವೇರ್ ಆಸೆ ಇದ್ದರೆ ಹೆಣಿಗೆ ಯಂತ್ರ ಇದೆಯಾ, ಕೇಳಲೇಬೇಕು.

ಕ್ಲಾಸು ಮುಗಿದ ಮೇಲೆ, ಸಂಜೆ, ರಜೆ ದಿನ ಕೋಣೆ ತೆರೆದಿರುತ್ತಾ ಅನ್ನುವುದೂ ಮುಖ್ಯ. ಕ್ಲಾಸಿನಲ್ಲಿ ತೋರಿಸಿಕೊಡುತ್ತಾರೆ, ಆದರೆ ಕೈಗೆ ಹತ್ತುವುದು ಆಮೇಲೆ ಒಬ್ಬರೇ ಕೂತು ನಾಲ್ಕು ಸಲ ಬಿಚ್ಚಿ ಹೊಲಿದಾಗ. ಆಗ ಪಕ್ಕದಲ್ಲಿ ಯಾರಿರುತ್ತಾರೆ? ಒಳ್ಳೆಯ ಕಾಲೇಜುಗಳಲ್ಲಿ ಒಬ್ಬ ಟೆಕ್ನೀಷಿಯನ್ ಇರುತ್ತಾರೆ, ಯಂತ್ರ ಸರಿಮಾಡುವವರು, ಜಿಪ್ ಕೂರದಿದ್ದರೆ ಬಂದು ತೋರಿಸುವವರು. ಎಷ್ಟೋ ಮಕ್ಕಳು ದೊಡ್ಡ ಪ್ರೊಫೆಸರ್‌ಗಿಂತ ಅವರಿಂದಲೇ ಜಾಸ್ತಿ ಕಲಿಯುತ್ತಾರೆ. ಅಂಥವರು ಇದ್ದಾರಾ, ಎಷ್ಟು ವರ್ಷದಿಂದ ಇದ್ದಾರೆ ಅಂತ ವಿಚಾರಿಸಿ.

ಆಮೇಲೆ ಮಕ್ಕಳ ಕೆಲಸ ನೋಡಿ. ಗೋಡೆ ಮೇಲೆ ಹಾಕಿರುವುದು, ಬಹುಮಾನ ಬಂದಿರುವುದು ಬೇಡ. ಎಲ್ಲಾ ಕಡೆ ಒಬ್ಬಿಬ್ಬರು ಪ್ರತಿಭಾವಂತರು ಇದ್ದೇ ಇರುತ್ತಾರೆ, ಅವರು ಯಾವ ಕಾಲೇಜಿನಲ್ಲಿದ್ದರೂ ಚೆನ್ನಾಗಿಯೇ ಮಾಡುತ್ತಿದ್ದರು. ನೀವು ಕೇಳಬೇಕಾದದ್ದು ಎರಡನೇ ವರ್ಷದ, ನಡುವಿನ ದರ್ಜೆಯ ವಿದ್ಯಾರ್ಥಿಯ ಫೈಲು ಮತ್ತು ಅವರು ಹೊಲಿದ ಒಂದು ಅಂಗಿ. ಅಂಗಿಯನ್ನು ತಿರುವಿ ಒಳಗಡೆ ನೋಡಿ. ಕಾಲರಿನ ಎರಡು ತುದಿ ಒಂದೇ ಅಳತೆ ಇದೆಯಾ, ಅಂಚು ಎಲ್ಲಾ ಕಡೆ ಒಂದೇ ಅಗಲ ಇದೆಯಾ, ತೋಳು ಕೂರಿಸಿದ ಕಡೆ ಬಟ್ಟೆ ಗುಪ್ಪೆಯಾಗಿದೆಯಾ? ಇದಕ್ಕೆ ಹೊಲಿಗೆ ಬರಬೇಕಂತ ಏನಿಲ್ಲ, ಕಣ್ಣು ಸಾಕು. ಸಾಧಾರಣ ವಿದ್ಯಾರ್ಥಿಯನ್ನು ಈ ಕಾಲೇಜು ಎರಡು ವರ್ಷದಲ್ಲಿ ಎಲ್ಲಿಗೆ ತಂದಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತೆ. ನೀವು ಸೇರಿದರೆ ನಿಮಗೂ ಸಿಗುವುದು ಅದೇ. ಇನ್ನೊಂದು ಗಮನಿಸಿ. ಹತ್ತು ಮಕ್ಕಳ ಫೈಲು ನೋಡಿದಾಗ ಹತ್ತೂ ಒಬ್ಬರೇ ಮಾಡಿದ ಹಾಗೆ ಕಂಡರೆ ಅಲ್ಲಿ ಮೇಷ್ಟರ ರುಚಿಯೇ ನಡೆಯುತ್ತಿದೆ ಅಂತ ಅರ್ಥ. ನನಗೆ ಅದು ಇಷ್ಟವಾಗುವುದಿಲ್ಲ.

ದೊಡ್ಡ ಹೆಸರಿನ ಕಾಲೇಜುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತೆ ಅಲ್ವಾ. ಆ ಕಾಲೇಜುಗಳೂ ಒಂದರ ಹಾಗೆ ಇನ್ನೊಂದಿಲ್ಲ. ಬೆಲ್ಜಿಯಂನ ಆಂಟ್ವರ್ಪ್ ಊರಿನ ರಾಯಲ್ ಅಕಾಡೆಮಿಯಲ್ಲಿ ಫ್ಯಾಷನ್ ವಿಭಾಗ ಶುರುವಾಗಿದ್ದು 1963ರಲ್ಲಿ. ಅಲ್ಲಿಂದ ಬಂದ ಆರು ಜನ 1986ರಲ್ಲಿ ಲಂಡನ್ನಿಗೆ ಹೋಗಿ ತಮ್ಮ ಕೆಲಸ ತೋರಿಸಿದಾಗ ಆ ಊರಿನ ಹೆಸರೇ ಫ್ಯಾಷನ್ ನಕ್ಷೆಯಲ್ಲಿ ಮೂಡಿತು. ಡ್ರೀಸ್ ವಾನ್ ನೋಟೆನ್, ಆನ್ ಡೆಮ್ಯುಲಮೀಸ್ಟರ್ ಆ ಆರರಲ್ಲಿ ಇಬ್ಬರು. ಅಲ್ಲಿ ಪ್ರತಿಯೊಬ್ಬರ ಸ್ವಂತ ದನಿಗೆ ಬೆಲೆ. ನ್ಯೂಯಾರ್ಕಿನ ಎಫ್‌ಐಟಿ (ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) 1944ರಲ್ಲಿ ಶುರುವಾಗಿದ್ದೇ ಉಡುಪು ಉದ್ಯಮಕ್ಕೆ ಜನ ಬೇಕು ಅಂತ, ಅದರ ಗುಣ ಇವತ್ತಿಗೂ ಹಾಗೇ ಇದೆ. ಟೋಕಿಯೋದ ಬುಂಕಾ ಫ್ಯಾಷನ್ ಕಾಲೇಜು ಕೈಕೆಲಸಕ್ಕೆ ಹೆಸರುವಾಸಿ. ಜಪಾನಿನ ಹೆಸರಾಂತ ಡಿಸೈನರ್ ಯೋಜಿ ಯಮಾಮೊಟೊ ಮೊದಲು ಕಾನೂನು ಓದಿ, ಆಮೇಲೆ ಅಲ್ಲಿ ಸೇರಿ ಕಲಿತರು. ಇತ್ತ ಇನ್ನೊಬ್ಬ ಜಪಾನಿ ಡಿಸೈನರ್ ರೇ ಕವಾಕುಬೊ ಫ್ಯಾಷನ್ ಕಾಲೇಜಿನ ಮೆಟ್ಟಿಲೇ ಹತ್ತಿದವರಲ್ಲ, ಓದಿದ್ದು ಕಲೆ ಮತ್ತು ಸಾಹಿತ್ಯ. ಹೆಸರು ಮಾಡಿದ ಇತರ ಡಿಸೈನರ್‌ಗಳಲ್ಲಿ ರಾಫ್ ಸೈಮನ್ಸ್ ಓದಿದ್ದು ಇಂಡಸ್ಟ್ರಿಯಲ್ ಡಿಸೈನ್, ವರ್ಜಿಲ್ ಆಬ್ಲೊ ಸಿವಿಲ್ ಎಂಜಿನಿಯರಿಂಗ್ ಮತ್ತು ಆರ್ಕಿಟೆಕ್ಚರ್. ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ 16ನೇ ವಯಸ್ಸಿಗೆ ಶಾಲೆ ಬಿಟ್ಟು ಲಂಡನ್ನಿನ ಸ್ಯಾವಿಲ್ ರೋ ಅನ್ನುವ, ಸೂಟುಗಳಿಗೆ ಹೆಸರಾದ ಬೀದಿಯ ದರ್ಜಿಗಳ ಹತ್ತಿರ ಕೆಲಸಕ್ಕೆ ಸೇರಿದವರು. ಕೋಟು, ಪ್ಯಾಂಟು ಕತ್ತರಿಸುವುದು ಕೈಗೆ ಕೂತ ಮೇಲೆ ಅದೇ ಊರಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿಗೆ ಬಂದು 1992ರಲ್ಲಿ ಎಂಎ ಮುಗಿಸಿದರು. ಹೆಸರು ಮಾಡಿದ ಕಾಲೇಜಿನಿಂದ ಪರಿಚಯಗಳು ಸಿಗುತ್ತವೆ, ಬಾಗಿಲು ಬೇಗ ತೆರೆಯುತ್ತೆ, ಅದು ನಿಜ. ಆದರೆ ಹೊಲಿಗೆ ಬಾರದ, ಈಗಷ್ಟೇ ಶುರು ಮಾಡುವ ನಿಮಗೆ ಮೊದಲು ಬೇಕಿರುವುದು ಕೈ ಪಳಗಿಸುವ ಜಾಗ. ಸ್ವಂತ ದನಿ ಹುಡುಕುವ ಕಾಲೇಜಿಗೆ ಎಂಎ ಮಾಡಲು ಹೋದರೂ ತಡವಲ್ಲ.

ಈಗ ಅಪ್ಪ ಅಮ್ಮನ ಪ್ರಶ್ನೆ. ಅದು ಸರಿಯಾದ ಪ್ರಶ್ನೆ, ಸಿಟ್ಟು ಮಾಡಿಕೊಳ್ಳಬೇಡಿ. ಸ್ವಂತ ಲೇಬಲ್ ಮಾಡಿ ಬದುಕುವವರು ಕಮ್ಮಿ. ಹೆಚ್ಚಿನವರು ಕೆಲಸ ಮಾಡುವುದು ಬೇರೆ ಜಾಗಗಳಲ್ಲಿ. ಪ್ಯಾಟರ್ನ್ ಮೇಕರ್, ಸ್ಯಾಂಪಲ್ ವಿಭಾಗ, ಉಡುಪಿನ ಅಳತೆ, ಹೊಲಿಗೆಯ ವಿವರ ಬರೆದು ಕಾರ್ಖಾನೆಗೆ ಕೊಡುವ ಟೆಕ್ನಿಕಲ್ ಡಿಸೈನರ್, ಬಟ್ಟೆ ಹುಡುಕಿ ತರುವ ಸೋರ್ಸಿಂಗ್, ಮರ್ಚಂಡೈಸರ್, ಗುಣಮಟ್ಟ ನೋಡುವವರು, ನಾಟಕ ಸಿನಿಮಾದ ವೇಷಭೂಷಣ, ಈಗೀಗ ಕಂಪ್ಯೂಟರಿನಲ್ಲೇ ಉಡುಪು ಹೊಲಿದು ತೋರಿಸುವ ತ್ರೀಡಿ ಕೆಲಸ. ಒಳ್ಳೆಯ ಪ್ಯಾಟರ್ನ್ ಮೇಕರ್ ಕೆಲಸ ಇಲ್ಲದೆ ಕೂತಿದ್ದನ್ನು ನಾನು ಕಂಡಿಲ್ಲ. ಕಾಲೇಜಿನವರು "100% ಪ್ಲೇಸ್‌ಮೆಂಟ್" ಅಂದರೆ ಅಲ್ಲಿಗೇ ನಿಲ್ಲಬೇಡಿ. ಮೂರು ವರ್ಷದ ಹಿಂದೆ ಮುಗಿಸಿದ ಬ್ಯಾಚಿನವರು ಈಗ ಯಾವ ಹುದ್ದೆಯಲ್ಲಿದ್ದಾರೆ ಅಂತ ಕೇಳಿ. ಅಂಗಡಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿದರೂ ಅದನ್ನು ಪ್ಲೇಸ್‌ಮೆಂಟ್ ಅಂತಲೇ ಬರೆದುಕೊಳ್ಳುತ್ತಾರೆ. ಹಳೆಯ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ನೀವೇ ಹುಡುಕಿ, ಇಬ್ಬರಿಗೆ ಮರ್ಯಾದೆಯಿಂದ ಮೆಸೇಜ್ ಮಾಡಿ. ಕಾಲೇಜು ತಾನೇ ಆರಿಸಿ ಪರಿಚಯ ಮಾಡಿಸಿದವರಿಗಿಂತ ಇವರ ಮಾತು ನಿಮಗೆ ಉಪಯೋಗ. ಇಂಟರ್ನ್‌ಶಿಪ್ ಕೋರ್ಸಿನ ಒಳಗೇ ಇದೆಯಾ, ಎಷ್ಟು ತಿಂಗಳು, ಯಾರು ಹುಡುಕಿಕೊಡುತ್ತಾರೆ ಅನ್ನುವುದನ್ನೂ ಅವರ ಹತ್ತಿರವೇ ಕೇಳಿ. ಫೀಸಿನ ಜೊತೆ ಬಟ್ಟೆ, ದಾರ, ಪ್ರಿಂಟು, ಕೊನೆಯ ವರ್ಷದ ಕಲೆಕ್ಷನ್ನಿನ ಖರ್ಚು ಎಷ್ಟಾಯಿತು ಅಂತಲೂ ಕೇಳಿ, ಅದು ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಪೋರ್ಟ್‌ಫೋಲಿಯೋ ವಿಷಯಕ್ಕೆ ಬರೋಣ. "ನನ್ನ ಹತ್ತಿರ ಏನೂ ಇಲ್ಲ" ಅಂದಿರಿ. ಇಷ್ಟು ವರ್ಷ ಚಿತ್ರ ಬಿಡಿಸಿದ ನೋಟ್‌ಬುಕ್‌ಗಳು ಇವೆಯಲ್ಲ, ಅವೇ ಶುರು. ಆದರೆ ಪ್ರವೇಶ ಸಮಿತಿಯಲ್ಲಿ ಕೂತವಳಾಗಿ ಒಂದು ಮಾತು ಹೇಳುತ್ತೇನೆ. ಒಂದು ದಿನಕ್ಕೆ ನಾವು ಹತ್ತಾರು ಫೈಲು ತಿರುವುತ್ತೇವೆ. ಹೆಚ್ಚಿನವುಗಳಲ್ಲಿ ತನ್ನ ತಲೆಯ ಒಂಬತ್ತರಷ್ಟು ಎತ್ತರದ ತೆಳ್ಳನೆ ಹುಡುಗಿ, ನೆಲ ಗುಡಿಸುವ ಗೌನು, ಪುಟ ಪುಟಕ್ಕೂ ಅದೇ. ಬಣ್ಣ ಚೆನ್ನಾಗಿರುತ್ತೆ, ಆದರೆ ಆ ಗೌನು ಹಾಕಿಕೊಳ್ಳುವುದು ಹೇಗೆ, ಜಿಪ್ ಎಲ್ಲಿದೆ, ಹಿಂದೆ ಹೇಗಿದೆ, ಯಾವ ಬಟ್ಟೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ನಾವು ಹುಡುಕುವುದು ಪಳಗಿದ ಡಿಸೈನರನ್ನು ಅಲ್ಲ, ಅವರನ್ನು ತಯಾರು ಮಾಡುವುದು ನಮ್ಮ ಕೆಲಸ. ನೋಡುವ ಕಣ್ಣು ಇದೆಯಾ, ಒಂದು ಯೋಚನೆಯನ್ನು ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರಾ, ತಪ್ಪಿದಾಗ ಏನು ಮಾಡುತ್ತಾರೆ, ಅಷ್ಟೇ ನೋಡುತ್ತೇವೆ. ಅದಕ್ಕೇ ಮುಗಿದ ಚಿತ್ರಕ್ಕಿಂತ ಕಚ್ಚಾ ಸ್ಕೆಚ್‌ಬುಕ್ಕಿನ ಪುಟಗಳ ಮೇಲೆ ನಮ್ಮ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತೆ.

ನಿಮಗೆ ಒಂದು ಕೆಲಸ ಹೇಳುತ್ತೇನೆ. ಯಾರೂ ಹಾಕಿಕೊಳ್ಳದ ಒಂದು ಹಳೆಯ, ತುಂಬು ತೋಳಿನ ಶರ್ಟು ತೆಗೆದುಕೊಳ್ಳಿ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಸಿಗುತ್ತೆ, ಇಲ್ಲದಿದ್ದರೆ ಚೂಪು ಕತ್ತರಿ ಸಾಕು. ಎಳೆದು ಹರಿಯಬೇಡಿ, ಒಂದೊಂದೇ ಹೊಲಿಗೆ ಬಿಡಿಸಿ. ಯಾವುದನ್ನು ಮೊದಲು ಬಿಚ್ಚಿದಿರಿ ಅಂತ ಬರೆದಿಡುತ್ತಾ ಹೋಗಿ, ಯಾಕಂದರೆ ಹೊಲಿದದ್ದು ಅದರ ಉಲ್ಟಾ ಕ್ರಮದಲ್ಲಿ. ಎಲ್ಲಾ ತುಂಡುಗಳನ್ನೂ ಇಸ್ತ್ರಿ ಮಾಡಿ ನೆಲದ ಮೇಲೆ ಹರಡಿ, ಮೇಲಿನಿಂದ ಫೋಟೋ ತೆಗೆಯಿರಿ. ಹಾಸು ನೂಲು, ಅಂದರೆ ನೇಯ್ಗೆಯಲ್ಲಿ ಬಟ್ಟೆಯ ಉದ್ದಕ್ಕೆ ಹೋಗುವ ನೂಲು ಯಾವ ಕಡೆ ಓಡುತ್ತಿದೆ ಅಂತ ಪ್ರತಿ ತುಂಡಿನ ಮೇಲೂ ಬಾಣದ ಗುರುತು ಹಾಕಿ. ಮುಂಭಾಗದಲ್ಲಿ ಒಂದು ಥರ ಇದ್ದರೆ ಹೆಗಲಿನ ಪಟ್ಟಿಯಲ್ಲಿ ಇನ್ನೊಂದು ಥರ ಇರಬಹುದು, ಯಾಕೆ ಅಂತ ಯೋಚಿಸಿ. ಆಮೇಲೆ ಟೇಪು ಹಿಡಿದು ತೋಳು ಕೂರುವ ರಂಧ್ರದ ಸುತ್ತಳತೆ ತೆಗೆಯಿರಿ, ತೋಳಿನ ಮೇಲಂಚಿನ ಬಾಗನ್ನೂ ಅಳೆಯಿರಿ. ಎರಡೂ ಸರಿಸಮ ಇರಬೇಕು ಅನ್ನಿಸುತ್ತೆ, ಆದರೆ ಸಾಮಾನ್ಯವಾಗಿ ತೋಳಿನದ್ದು ಒಂದಿಷ್ಟು ಉದ್ದ ಇರುತ್ತೆ. ಶರ್ಟಿನಲ್ಲಿ ಆ ವ್ಯತ್ಯಾಸ ಸ್ವಲ್ಪ, ಕೋಟಿನಲ್ಲಿ ಜಾಸ್ತಿ. ಆ ಹೆಚ್ಚುವರಿ ಉದ್ದವನ್ನು ನೆರಿಗೆ ಬೀಳದ ಹಾಗೆ ಒಳಗೆ ಅಡಗಿಸಿ ಹೊಲಿದಾಗಲೇ ಹೆಗಲಿನ ತುದಿ ದುಂಡಗೆ ಕೂರುವುದು, ಇಲ್ಲದಿದ್ದರೆ ತೋಳು ಹೆಗಲಿನ ಮೇಲೆ ಚಪ್ಪಟೆಯಾಗಿ ಬಿಗಿಯುತ್ತೆ. ಚಪ್ಪಟೆ ಬಟ್ಟೆ ದುಂಡಗಿನ ಮೈಯನ್ನು ಹೇಗೆ ಸುತ್ತುತ್ತೆ ಅನ್ನುವ ಇಡೀ ಗುಟ್ಟು ಆ ಒಂದು ಅಳತೆಯಲ್ಲಿದೆ. ಇದನ್ನು ನೀವೇ ಕಂಡುಹಿಡಿದು, ನಿಮ್ಮ ಕೈಬರಹದಲ್ಲಿ ಬರೆದು, ಫೋಟೋ ಅಂಟಿಸಿದ ನಾಲ್ಕು ಪುಟ ನನ್ನ ಮುಂದೆ ಬಂದರೆ ಹತ್ತು ಗೌನಿನ ಚಿತ್ರಗಳನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಬಿಚ್ಚಿದ ಮೇಲೆ ಅದೇ ತುಂಡುಗಳಿಂದ ಬೇರೇನಾದರೂ ಮಾಡಿ. ತೋಳನ್ನು ಕಾಲರ್ ಮಾಡಿ, ಬೆನ್ನನ್ನು ಅಡ್ಡ ತಿರುಗಿಸಿ ಸ್ಕರ್ಟು ಮಾಡಿ, ಕೈಹೊಲಿಗೆಯಲ್ಲೇ ಹಾಕಿ. ಸೊಟ್ಟಗಾದರೂ ಪರವಾಗಿಲ್ಲ. ಬಟ್ಟೆ ಜಾಸ್ತಿ ಇಲ್ಲ ಅಂದರೆ ಸಣ್ಣ ಗೊಂಬೆಯ ಮೇಲೆ ಮಾಡಿ. ಬಟ್ಟೆಯನ್ನು ಓರೆಗೆ, ಅಂದರೆ ಹಾಸು ಹೊಕ್ಕಿಗೆ 45 ಡಿಗ್ರಿಯಲ್ಲಿ ಕತ್ತರಿಸಿ ಮೈಮೇಲೆ ನೀರಿನ ಹಾಗೆ ಇಳಿಯುವಂತೆ ಮಾಡಿ ಹೆಸರಾದ ಫ್ರೆಂಚ್ ಡಿಸೈನರ್ ಮ್ಯಾಡಲಿನ್ ವಿಯೊನೆ ಯೋಚಿಸುತ್ತಿದ್ದದ್ದೇ ಒಂದು ಪುಟ್ಟ ಮರದ ಗೊಂಬೆಯ ಮೇಲೆ. ನೀವೂ ಒಂದು ಕರವಸ್ತ್ರವನ್ನು ನೇರಕ್ಕೆ ಎಳೆದು ನೋಡಿ, ಆಮೇಲೆ ಮೂಲೆಯಿಂದ ಮೂಲೆಗೆ ಎಳೆದು ನೋಡಿ. ಕೈಗೆ ತಕ್ಷಣ ಗೊತ್ತಾಗುತ್ತೆ.

ಪೋರ್ಟ್‌ಫೋಲಿಯೋದಲ್ಲಿ ಎಷ್ಟು ಪುಟ, ಯಾವ ಸೈಜು ಅನ್ನುವುದಕ್ಕೆ ಕಾಲೇಜು ಹೇಳಿದ್ದೇ ಕೊನೆ ಮಾತು. 20 ಅಂದರೆ 20, ಇನ್ನೊಂದು ಸೇರಿಸಬೇಡಿ. ಉಡುಪಿನ ಜೊತೆ ಬೇರೆಯದ್ದೂ ಇರಲಿ, ಎದುರಿಗೆ ಕೂತ ಜನರನ್ನು ನೋಡಿ ಬಿಡಿಸಿದ ಸ್ಕೆಚ್ಚು, ಫೋಟೋ, ಕಾಗದದ ಕೆಲಸ, ಹೆಣಿಗೆ. ಇಂಟರ್ನೆಟ್ಟಿನ ಚಿತ್ರ ನೋಡಿ ಬಿಡಿಸಿದ್ದು ಬೇಗ ಸಿಕ್ಕಿಬೀಳುತ್ತೆ. ಎಐ ಚಿತ್ರಗಳದ್ದೂ ಹಾಗೇ. ಕಾಲೇಜು ಅದಕ್ಕೆ ಅವಕಾಶ ಕೊಟ್ಟಿದ್ದರೆ ಬಳಸಿ, ಬಳಸಿದ್ದೀನಿ ಅಂತ ಬರೆಯಿರಿ. ಮುಚ್ಚಿಡಬೇಡಿ. ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು.

ಆಯ್ಕೆ ಮಾಡುವ ರೀತಿ ಕಾಲೇಜಿನಿಂದ ಕಾಲೇಜಿಗೆ ಬೇರೆ, ತಯಾರಿಯೂ ಅದಕ್ಕೆ ತಕ್ಕ ಹಾಗೆ ಇರಬೇಕು. ನ್ಯೂಯಾರ್ಕಿನ ಪಾರ್ಸನ್ಸ್ ಡಿಸೈನ್ ಕಾಲೇಜು ಪೋರ್ಟ್‌ಫೋಲಿಯೋ ಜೊತೆಗೆ ಒಂದು ಹೊಸ ಕೆಲಸ ಮತ್ತು ಅದರ ಬಗ್ಗೆ ಬರಹ ಕೇಳುತ್ತೆ. ಭಾರತದ ನಿಫ್ಟ್‌ನಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಷನ್ ಟೆಕ್ನಾಲಜಿ) ಡಿಸೈನ್ ಕೋರ್ಸುಗಳಿಗೆ ಬರೆಯುವ ಪರೀಕ್ಷೆ ದಾಟಿದವರಿಗೆ ಸಿಚುಯೇಶನ್ ಟೆಸ್ಟ್ ಇರುತ್ತೆ, ಕೊಟ್ಟ ಸಾಮಾನಿನಿಂದ ಅಲ್ಲೇ ಕೂತು ಒಂದು ಮಾದರಿ ಮಾಡಬೇಕು. ಅಂಥ ಪರೀಕ್ಷೆಗೆ ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ತಂತಿ, ರಟ್ಟು, ಸ್ಟ್ರಾ, ಬಟ್ಟೆ ಚೂರಿನಿಂದ ಏನಾದರೂ ಮಾಡುವ ಅಭ್ಯಾಸ ಬೇಕು. ಬ್ರಿಟನ್ನಿನ ದಾರಿಯಲ್ಲಿ ಡಿಗ್ರಿಗೆ ಮೊದಲು ಒಂದು ವರ್ಷದ ಫೌಂಡೇಶನ್ ಕೋರ್ಸ್ ಮಾಡಿಕೊಂಡು ಬರುವುದು ಸಾಮಾನ್ಯ. ನಿಮ್ಮ ಥರ ಚಿತ್ರ ಬಂದು ಹೊಲಿಗೆ ಬಾರದವರಿಗೆ ಅಂಥ ಒಂದು ವರ್ಷ ದೊಡ್ಡ ವರ.

ಯಾಕೆ ಈ ಓದು ಅಂತ ಒಂದು ಪುಟ ಬರೆಯಲು ಹೇಳುತ್ತಾರೆ. "ಚಿಕ್ಕಂದಿನಿಂದಲೂ ಫ್ಯಾಷನ್ ನನ್ನ ಕನಸು" ಅಂತ ಶುರು ಮಾಡಬೇಡಿ, ಎಲ್ಲರದ್ದೂ ಹಾಗೇ ಶುರುವಾಗುತ್ತೆ. ಶರ್ಟು ಬಿಚ್ಚಿದ ದಿನ ಏನು ಕಂಡಿತು ಅಂತ ಬರೆಯಿರಿ. ಆ ಕಾಲೇಜೇ ಯಾಕೆ ಅನ್ನುವುದಕ್ಕೆ ಅಲ್ಲಿ ಕಂಡ ಒಂದು ನಿಜವಾದ ವಿಷಯ ಹೇಳಿ, ಒಂದು ಕ್ಲಾಸು, ಒಬ್ಬ ವಿದ್ಯಾರ್ಥಿಯ ಕೆಲಸ. ಸಂದರ್ಶನದಲ್ಲಿ ನಿಮ್ಮ ಪುಟದ ಮೇಲೆ ಬೆರಳಿಟ್ಟು "ಇದು ಯಾಕೆ ಹೀಗೆ?" ಅಂತಲೇ ಕೇಳುವುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಒಬ್ಬ ಹುಡುಗಿ ಹೀಗೆ ಒಂದು ಪುಟ ತೋರಿಸಿ, ಈ ಪಾಕೆಟ್ ಮೂರು ಸಲ ಹೊಲಿದೆ, ಮೂರು ಸಲವೂ ಬಾಯಿ ತೆರೆದುಕೊಂಡಿತು, ಯಾಕೆ ಅಂತ ಇನ್ನೂ ತಿಳಿದಿಲ್ಲ ಅಂದಳು. ನಾವು ಮೂವರು ಮೇಷ್ಟರು ಮುಂದಿನ ಹತ್ತು ನಿಮಿಷ ಅವಳ ಜೊತೆ ಆ ಪಾಕೆಟ್ ಬಗ್ಗೆಯೇ ಮಾತಾಡಿದೆವು. ಅವಳಿಗೆ ಸೀಟು ಸಿಕ್ಕಿತು.

ಮೂರು ಕಾಲೇಜಿನ ಕೊನೆ ದಿನಾಂಕಗಳನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮೇಷ್ಟರ ಶಿಫಾರಸು ಪತ್ರ ಬೇಕಿದ್ದರೆ ತಿಂಗಳ ಮೊದಲೇ ಕೇಳಿ. ಸಾಧ್ಯವಾದರೆ ಇನ್ನೆರಡು ಕಾಲೇಜು ಸೇರಿಸಿ ಐದಕ್ಕೆ ಅರ್ಜಿ ಹಾಕಿ, ಒಂದು ಕೈಗೆಟುಕದು ಅನ್ನಿಸುವಂಥದ್ದೂ ಇರಲಿ. ಎಲ್ಲೂ ಸಿಗದಿದ್ದರೆ ಒಂದು ವರ್ಷ ಯಾರಾದರೂ ಒಳ್ಳೆಯ ದರ್ಜಿಯ ಹತ್ತಿರ ಕಾಜಾ ಹಾಕಿ, ಹೆಮ್ಮಿಂಗ್ ಮಾಡಿ ಮತ್ತೆ ಬನ್ನಿ. ಹಾಗೆ ಬಂದವರನ್ನು ನಾವು ತುಂಬ ಇಷ್ಟಪಟ್ಟು ತೆಗೆದುಕೊಂಡಿದ್ದೇವೆ.

ಇಮೇಲ್ ಇವತ್ತು ಸಂಜೆಯೇ ಕಳಿಸಿ. ಉತ್ತರ ಬರುವಷ್ಟರಲ್ಲಿ ಶರ್ಟಿನ ಒಂದು ತೋಳಾದರೂ ಬಿಚ್ಚಿರುತ್ತೀರಿ. ಅಳತೆ ತೆಗೆದ ಮೇಲೆ ತೋಳಿನ ರಂಧ್ರದ್ದು, ತೋಳಿನ ಬಾಗಿನದ್ದು, ಆ ಎರಡು ಸಂಖ್ಯೆ ಎಷ್ಟು ಬಂತು ಅಂತ ನನಗೂ ಬರೆಯಿರಿ.